ಹೇಸರಗತ್ತೆ ಯಾಕೆ ನಿಂತಿತು?

ದಾವಣಗೆರೆಯ ಹಳೇ ಊರಿನ ನಮ್ಮ ಓಣಿಗೆ ವರ್ಷಕ್ಕೊಂದೆರಡು ಸಲ ಕತ್ತೆ ಹಾಲು ಮಾರುವವರು ಬರುತ್ತಾರೆ. ಮುಂದೆ ತಾಯಿ, ಅದರ ಹೊಟ್ಟೆಗೆ ಅಂಟಿಕೊಂಡು ಮರಿ, ಪಕ್ಕದಲ್ಲಿ "ಕತ್ತೀ ಹಾಲೂ" ಎಂಬ ಉದ್ದನೆಯ ಕೂಗು. ಎಳೆಗೂಸಿಗೆ ಒಂದು ಒಳಲೆ ಕುಡಿಸಿದರೆ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ಅಜ್ಜಿಯರ ನಂಬಿಕೆ. ಆ ನಂಬಿಕೆಯ ತಂಟೆಗೆ ಈಗ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಹಾಗೆ ಬಂದ ಹೆಣ್ಣುಮಗಳ ಕತ್ತೆ ನಮ್ಮ ಮನೆಯ ತಿರುವಿನಲ್ಲಿ ನಿಂತೇಬಿಟ್ಟಿತು. ಚರಂಡಿಯ ಮೇಲೆ ಹೊಸದಾಗಿ ಕಬ್ಬಿಣದ ಜಾಲರಿ ಕೂರಿಸಿದ್ದರು. ಎರಡೂ ಕಿವಿ ಮುಂದಕ್ಕೆ ಚಾಚಿ, ಮೂಗನ್ನು ಜಾಲರಿಗೆ ಒಂದು ಗೇಣು ದೂರದಲ್ಲಿ ಹಿಡಿದು ಕತ್ತೆ ಕಲ್ಲಾಯಿತು. ಹಿಂದೆ ಎರಡು ಬೈಕು ಹಾರ್ನ್ ಬಾರಿಸತೊಡಗಿದವು.

ಅಂಗಡಿ ಕಟ್ಟೆಯ ಮೇಲೆ ಕೂತಿದ್ದ ಹುಡುಗನೊಬ್ಬ, "ಎರಡು ಬಿಡಬೇ ಬೆನ್ನಿಗೆ, ತಾನಾ ದಾಟತೈತಿ" ಅಂದ.

ಆಕೆ ಹಗ್ಗ ಸಡಿಲ ಬಿಟ್ಟು ಎಲೆಅಡಿಕೆ ಚೀಲ ಬಿಚ್ಚಿದಳು. "ಬಡಿದ್ರ ಇವತ್ತು ದಾಟತೈತಿ ತಮ್ಮಾ. ನಾಳಿ ಈ ಓಣಿಗೇ ಬರಂಗಿಲ್ಲ. ನೋಡ್ಕಳ್ಳಿ ಬಿಡು."

ಎಲೆಗೆ ಸುಣ್ಣ ಸವರಿ ಬಾಯಿಗಿಡುವಷ್ಟರಲ್ಲಿ ಕತ್ತೆ ಮುಂಗಾಲಿನಿಂದ ಜಾಲರಿಯನ್ನು ತಟ್ಟಿತು. ಟಣ್ಣೆಂದ ಸದ್ದಿಗೆ ಹಿಂದೆ ಸರಿಯಿತು. ಮತ್ತೆ ತಟ್ಟಿತು. ಆಮೇಲೆ ಜಾಲರಿಯ ಗೊಡವೆಯೇ ಬೇಡವೆಂಬಂತೆ, ಪಕ್ಕದಲ್ಲಿ ಉಳಿದಿದ್ದ ಅಗಲ ಕಿರಿದಾದ ಚಪ್ಪಡಿಯ ಮೇಲೆ ಒಂದೊಂದೇ ಕಾಲಿಟ್ಟು ದಾಟಿತು. ಮರಿಯೂ ಅದೇ ಚಪ್ಪಡಿ ಹಿಡಿಯಿತು.

ಆ ನಾಲ್ಕು ನಿಮಿಷಕ್ಕೆ ನಾವು ಇಟ್ಟಿರುವ ಹೆಸರು ಹಠ. ಕತ್ತೆಗೆ ಕಸ್ತೂರಿ ಪರಿಮಳ ಗೊತ್ತಿಲ್ಲವೆಂದು ಮೊದಲೇ ತೀರ್ಮಾನಿಸಿದವರು ನಾವು. ಮಳೆ ಕೈಕೊಟ್ಟ ವರ್ಷ ಮಾತ್ರ ಅದಕ್ಕೆ ಬಾಸಿಂಗ ಕಟ್ಟಿ ಮದುವೆ ಮಾಡಿಸುತ್ತೇವೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಹೇಸರಗತ್ತೆಯ ತಲೆಗಂತೂ ಹಠದ ಆರೋಪ ಜಗತ್ತಿನ ತುಂಬ ಕಟ್ಟಿದ್ದಾರೆ. ಈ ಹಠದ ಬೇರು ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಆಫ್ರಿಕಾದ ಕಲ್ಲುಗುಡ್ಡ ಸಿಗುತ್ತದೆ.

ಕುದುರೆಯ ಪೂರ್ವಜರು ಬಯಲು ಹುಲ್ಲುಗಾವಲಿನವರು. ಅಲ್ಲಿ ತೋಳ ಕಂಡರೆ ಮಾಡಬೇಕಾದ್ದು ಒಂದೇ, ಹಿಂಡಿನ ಜೊತೆ ಓಡುವುದು. ಮೊದಲು ಓಟ, ಯೋಚನೆ ಆಮೇಲೆ. ಕತ್ತೆಯ ಪೂರ್ವಜ ಈಶಾನ್ಯ ಆಫ್ರಿಕಾದ ಒಣ, ಕಲ್ಲು ನೆಲದ ಕಾಡುಕತ್ತೆ. ಮೇವು ವಿರಳವಾದ್ದರಿಂದ ದೊಡ್ಡ ಹಿಂಡು ಕಟ್ಟಿಕೊಂಡು ಬದುಕುವ ಹಾಗಿರಲಿಲ್ಲ. ಗಂಡುಗಳು ಒಂದೊಂದು ಸರಹದ್ದು ಹಿಡಿದು ಒಂಟಿಯಾಗಿ ಇರುತ್ತಿದ್ದವು. ಅಂಥ ನೆಲದಲ್ಲಿ ಕಣ್ಣುಮುಚ್ಚಿ ಓಡಿದರೆ ಕಾಲು ಮುರಿಯುತ್ತದೆ, ಒಡಲಿನ ನೀರೂ ದಂಡ. ಹಾಗಾಗಿ ಅಪಾಯದ ವಾಸನೆ ಬಂದ ಕೂಡಲೇ ನಿಂತು, ನೋಡಿ, ಕೇಳಿ, ಓಡಬೇಕೋ ಒದೆಯಬೇಕೋ ಸುಮ್ಮನಿರಬೇಕೋ ಎಂದು ತೂಗಿದ ಪ್ರಾಣಿಯೇ ಬದುಕಿತು. ಚಿತ್ರದುರ್ಗದ ಬಂಡೆಗಳ ನಡುವೆ ಒಮ್ಮೆ ಹತ್ತಿ ಇಳಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ಯಾರೂ ಓಡುವುದಿಲ್ಲ.

ಕುದುರೆ ಮತ್ತು ಕತ್ತೆಯ ವಂಶಗಳು ಬೇರೆಯಾಗಿ 40 ಲಕ್ಷ ವರ್ಷಕ್ಕೂ ಮೇಲಾಯಿತು. ಕುದುರೆಯ ಜೀವಕೋಶದಲ್ಲಿ 64 ವರ್ಣತಂತು, ಕತ್ತೆಯದರಲ್ಲಿ 62. ಎರಡರಿಂದಲೂ ಅರ್ಧರ್ಧ ಪಡೆದ ಹೇಸರಗತ್ತೆಗೆ 63. ಬೆಸ ಸಂಖ್ಯೆ, ಅದೂ ಒಂದಕ್ಕೊಂದು ಸರಿಯಾಗಿ ಹೊಂದದ ತಂತುಗಳು. ವೀರ್ಯಾಣುವೋ ಅಂಡವೋ ತಯಾರಾಗುವಾಗ ಜೋಡಿ ಕೂಡುವುದಿಲ್ಲ. ಹೇಸರಗತ್ತೆಗೆ ಮರಿಯಾಗುವುದು ಅಪರೂಪದಲ್ಲಿ ಅಪರೂಪ. ಹಳೆಯ ರೋಮಿನಲ್ಲಿ ಎಂದೂ ಆಗದ ಕೆಲಸಕ್ಕೆ "ಹೇಸರಗತ್ತೆ ಈದಾಗ" ಎನ್ನುತ್ತಿದ್ದರು. ಮಹಾಭಾರತದ ನೀತಿಮಾತುಗಳಲ್ಲೂ ಹೇಸರಗತ್ತೆಯ ಗರ್ಭವೆಂದರೆ ಅದರ ಸಾವು ಎಂಬ ಹೋಲಿಕೆ ಬರುತ್ತದೆ.

ಇದನ್ನು ನಮ್ಮ ಮೆಕ್ಕೆಜೋಳದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಬೇರೆ ತಳಿ ಕೂಡಿಸಿದ ಹೈಬ್ರಿಡ್ ಬೀಜ ತಂದೆ ತಾಯಿ ಎರಡನ್ನೂ ಮೀರಿಸಿ ಬೆಳೆಯುತ್ತದೆ. ಆದರೆ ಆ ತೆನೆಯ ಕಾಳನ್ನೇ ಬಿತ್ತಿದರೆ ಮುಂದಿನ ವರ್ಷ ಹೊಲ ಒಂದು ಗಿಡದಂತೆ ಇನ್ನೊಂದಿಲ್ಲ. ಮತ್ತೆ ಬೀಜದಂಗಡಿಗೇ ಓಡಬೇಕು. ಹೇಸರಗತ್ತೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ಬಿತ್ತಲು ಕಾಳೇ ಇಲ್ಲ. ಪ್ರತಿ ಸಲವೂ ಹೊಸದಾಗಿ ಒಂದು ಕುದುರೆ, ಒಂದು ಕತ್ತೆ ಬೇಕು.

ಸಂಕರದಿಂದ ಮೈ ಗಟ್ಟಿಯಾಗುತ್ತದೆ ಸರಿ, ಬುದ್ಧಿಯೂ ಹೆಚ್ಚುತ್ತದೆಯೇ? ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 6 ಹೇಸರಗತ್ತೆ, 6 ಪೋನಿ ಕುದುರೆ, 6 ಕತ್ತೆಗಳಿಗೆ ಜೋಡಿ ಚಿತ್ರ ತೋರಿಸಿ, ಯಾವುದನ್ನು ಆರಿಸಿದರೆ ತಿನಿಸು ಸಿಗುತ್ತದೆ ಎಂದು ಕಲಿಸಿದರು. ಹೇಸರಗತ್ತೆಗಳು ತಂದೆಯ ಕುಲವನ್ನೂ ತಾಯಿಯ ಕುಲವನ್ನೂ ಹಿಂದಿಕ್ಕಿದವು. ಆರಾರು ಪ್ರಾಣಿಯ ಲೆಕ್ಕ ಚಿಕ್ಕದೇ. ಇಷ್ಟನ್ನೇ ಹಿಡಿದು ಡಂಗುರ ಹೊಡೆಯಬೇಕಿಲ್ಲ. ನನಗೆ ಹೆಚ್ಚು ಹಿಡಿಸಿದ್ದು 2013ರ ಇನ್ನೊಂದು ಪ್ರಯೋಗ. ಉದ್ದನೆಯ ಬೇಲಿಯ ಆಚೆ ತಿನಿಸು ಕಾಣುತ್ತದೆ, ಬೇಲಿಯ ಒಂದು ತುದಿಯಲ್ಲಿ ಸಂದು. ಕೆಲವು ಸಲ ಆ ಸಂದಿನಿಂದ ಹೋಗಿ ರೂಢಿಯಾದ ಮೇಲೆ ಸಂದನ್ನು ಇನ್ನೊಂದು ತುದಿಗೆ ಬದಲಿಸುತ್ತಾರೆ. ಕುದುರೆಗಳು ಹಳೆಯ ತುದಿಗೇ ಹೋಗಿ ಮುಗ್ಗರಿಸಿದವು. ನಾಯಿಗಳ ಮೇಲೆ ಹಿಂದೆ ನಡೆಸಿದ್ದ ಇದೇ ಪರೀಕ್ಷೆಯಲ್ಲಿ ಅವೂ ಅದೇ ತಪ್ಪು ಮಾಡಿದ್ದವು. ಹೇಸರಗತ್ತೆ ಮತ್ತು ಕತ್ತೆಗಳು ಆ ತಪ್ಪಿಗೆ ಬೀಳಲಿಲ್ಲ. ಹಿಡಿದ ದಾರಿಯನ್ನೇ ಹಿಡಿಯುವುದಕ್ಕೆ ಹಠ ಎನ್ನುವುದಾದರೆ, ಆ ಬಿರುದು ಯಾರಿಗೆ ಸಲ್ಲಬೇಕು ನೀವೇ ಹೇಳಿ.

ಹೆಸರಿನ ವಿಷಯ ಬಂತು. ಸಂಸ್ಕೃತದಲ್ಲಿ ಈ ಪ್ರಾಣಿಗೆ ಅಶ್ವತರ ಎನ್ನುತ್ತಾರೆ. ಅಲ್ಲಿನ 'ತರ'ಕ್ಕೆ ಪಾಣಿನಿ ಹೇಳುವ ಅರ್ಥ ಕಡಿಮೆತನ, ಅಂದರೆ ಪೂರ್ತಿ ಕುದುರೆಯಾಗಲಾರದ್ದು. ಶ್ವೇತಾಶ್ವತರ ಉಪನಿಷತ್ತಿನ ಹೆಸರಿನಲ್ಲಿ ಕೂತಿರುವುದೂ ಇದೇ ಪ್ರಾಣಿ, ಬಿಳಿಯ ಬಣ್ಣದ್ದು. ವೇಸರ ಎಂಬ ಇನ್ನೊಂದು ಹೆಸರೂ ಉಂಟು. ನಮ್ಮ 'ಹೇಸರ' ಅದರ ನೆಂಟ. ನಾಗರ, ದ್ರಾವಿಡ ಎರಡೂ ಬೆರೆತ ದೇವಾಲಯ ಶೈಲಿಗೆ ವೇಸರ ಎಂಬ ಹೆಸರು ಬಂದದ್ದು ಹೇಸರಗತ್ತೆಯಿಂದ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಬೇರೆ ವ್ಯುತ್ಪತ್ತಿ ಹೇಳುವವರೂ ಇದ್ದಾರೆ. ನಮ್ಮ ಪಕ್ಕದ ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳ ಎರಡನೇ ನರಸಿಂಹನ ಸೇನಾನಿ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯನ್ನು ಆ ಶೈಲಿಯ ಪರಂಪರೆಗೇ ಸೇರಿಸುತ್ತಾರೆ. ಶಿಲ್ಪಿಗಳು ಬೆರಕೆಯನ್ನು ಕೀಳೆಂದು ಕಂಡಿರಲಿಲ್ಲ ಎಂದಾಯಿತು.

ಈಗ ಪಳಗಿಸುವ ಮಾತು. ನಮ್ಮ ಕಡೆ ಎಳೆ ಹೋರಿಗೆ ಹೂಟಿ ಕಲಿಸುವಾಗ ನುರಿತ ಹಳೇ ಎತ್ತಿನ ಜೊತೆ ನೊಗ ಕಟ್ಟುತ್ತಾರೆ. ಹೇಸರಗತ್ತೆಗೂ ಇಂಥ ಒಂದು ಹಿರಿಯ ಬೇಕು, ಆದರೆ ಅದು ಹೆಣ್ಣು ಕುದುರೆಯಾದರೆ ಚಂದ. ಕಾರಣ ಸುಲಭ: ಹೇಸರಗತ್ತೆಯನ್ನು ಹೆತ್ತು ಹಾಲೂಡಿಸಿದ್ದು ಕುದುರೆ. ತಂದೆ ಕತ್ತೆಯ ಅನುಮಾನ ರಕ್ತದಲ್ಲಿ ಬಂದರೆ, ಜೊತೆಗಾರಿಕೆಯ ಪಾಠ ತಾಯಿಯ ಮಗ್ಗುಲಲ್ಲಿ ಆಗುತ್ತದೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡಿಸ್ ಪರ್ವತ ದಾಟಿದಾಗ ಅವನ ಜೊತೆ ಹತ್ತು ಹೇಸರಗತ್ತೆ, ಕೊರಳಿಗೆ ಗಂಟೆ ಕಟ್ಟಿದ ಒಂದು ಹೆಣ್ಣು ಕುದುರೆ ಇದ್ದವು. ಆ ಕುದುರೆಗೆ ಅಲ್ಲಿನವರು ಮದ್ರಿನಾ ಎನ್ನುತ್ತಿದ್ದರು. ಇನ್ನೂರು ಮುನ್ನೂರು ಹೇಸರಗತ್ತೆ ಒಂದೇ ಕಡೆ ಮೇಯುತ್ತಿದ್ದರೂ, ಬೆಳಿಗ್ಗೆ ಮದ್ರಿನಾಗಳನ್ನು ಬೇರೆ ಬೇರೆ ನಿಲ್ಲಿಸಿ ಗಂಟೆ ಅಲುಗಿಸಿದರೆ ಸಾಕು, ಪ್ರತಿಯೊಂದೂ ತನ್ನ ಗಂಟೆಯ ಸದ್ದು ಗುರುತಿಸಿ ಬಂದು ಸೇರುತ್ತದೆ ಎಂದು ಅವನು ಬೆರಗಿನಿಂದ ಬರೆದ. ನೆನಪು, ವಿವೇಕ, ತಾಳಿಕೆ, ಆಯಸ್ಸು ಇವುಗಳಲ್ಲಿ ಈ ಸಂಕರ ಜೀವಿ ಹೆತ್ತವರಿಬ್ಬರನ್ನೂ ಮೀರಿಸಿದ್ದು ಅವನಿಗೆ ಅಚ್ಚರಿ. ಗಮನಿಸಿ, ಮೊಂಡುತನವನ್ನೂ ಅವನು ಆ ಪಟ್ಟಿಗೆ ಸೇರಿಸಿದ್ದ. ಚಳ್ಳಕೆರೆ ಕಡೆಯ ಕುರಿಗಾರರಿಗೆ ಈ ಗಂಟೆಯ ಕಥೆ ಹೇಳಿದರೆ, ಇದರಲ್ಲೇನು ದೊಡ್ಡದು ಎಂದು ನಕ್ಕಾರು.

ಗಂಟೆ ಕುದುರೆಯ ಹಿಂದೆ ನಡೆಯುವುದು ಒಂದು ಪಾಠ. ಮನುಷ್ಯನ ಕೈಯಲ್ಲಿನ ಹಗ್ಗಕ್ಕೆ ಬಗ್ಗುವುದು ಇನ್ನೊಂದು. ಹಗ್ಗವನ್ನು ನೇರ ಮುಂದಕ್ಕೆ ಜಗ್ಗಿದರೆ ಹೇಸರಗತ್ತೆ ಅಷ್ಟೇ ಬಲದಿಂದ ಹಿಂದಕ್ಕೆ ವಾಲುತ್ತದೆ, ಗೆಲ್ಲುವುದೂ ಅದೇ. ಒಮ್ಮೆ ಗೆದ್ದದ್ದನ್ನು ಅದು ಮರೆಯುವುದಿಲ್ಲ. ಹಾಗಾಗಿ ಬಲ್ಲವರು ಸ್ವಲ್ಪ ಪಕ್ಕಕ್ಕೆ, ಹಗುರವಾಗಿ ಬಿಗಿ ಹಿಡಿದು ಕಾಯುತ್ತಾರೆ. ಒಂದು ಕಾಲು, ಅರ್ಧ ಹೆಜ್ಜೆ, ಮೈಯ ಭಾರ ಈ ಕಡೆ ವಾಲಿದ್ದಾದರೂ ಸರಿ, ಕಂಡ ಆ ಕ್ಷಣವೇ ಹಗ್ಗ ಸಡಿಲ. ಕಲಿಕೆ ನಡೆಯುವುದು ಎಳೆತದಲ್ಲಲ್ಲ, ಸಡಿಲ ಬಿಟ್ಟ ಆ ಕ್ಷಣದಲ್ಲಿ. "ಓಹೋ, ಹೀಗೆ ಮಾಡಿದರೆ ಬಿಗಿ ಹೋಗುತ್ತದೆ" ಎಂಬುದು ಅದಕ್ಕೆ ಹೊಳೆಯಬೇಕು. ಎರಡು ಮೂರು ಸೆಕೆಂಡು ತಡವಾಗಿ ಬಿಟ್ಟರೆ ಅದು ಕಲಿಯುವುದು ಬೇರೇನನ್ನೋ. ನನಗೆ ತಿಳಿದಂತೆ ಪಳಗಿಸುವವರಲ್ಲಿ ಹೆಚ್ಚಿನವರು ಸೋಲುವುದು ಬಲ ಸಾಲದೆ ಅಲ್ಲ, ಹೊತ್ತಿಗೆ ಸರಿಯಾಗಿ ಕೈ ಸಡಿಲಿಸಲು ಬಾರದೆ.

ಜೀನು ಹೊರಿಸುವುದೂ ಹೀಗೇ. ಮೊದಲು ಅದನ್ನು ನೆಲದ ಮೇಲಿಟ್ಟು ಮೂಸಲು ಬಿಡಬೇಕು. ಆಮೇಲೆ ಬೆನ್ನ ಮೇಲೊಂದು ಗೋಣಿಚೀಲ, ಅದು ಜಾರಿ ಬಿದ್ದರೂ ಏನೂ ಆಗುವುದಿಲ್ಲವೆಂದು ಮನವರಿಕೆ. ಆಮೇಲೆ ಖಾಲಿ ಜೀನು, ಹೊಟ್ಟೆಪಟ್ಟಿ ಸಡಿಲವಾಗಿ, ಕಡೆಗೆ ಹೇರು. ಕಿವಿ, ಕಾಲು ಮುಟ್ಟಿಸಿಕೊಳ್ಳುವ ಅಭ್ಯಾಸ ಮರಿಯಿದ್ದಾಗಲೇ ಆಗಬೇಕು; ದೊಡ್ಡದಾದ ಮೇಲೆ ಕಾಲು ಎತ್ತಲು ಹೋದವನಿಗೆ ಅದರ ಒದೆತದ ಗುರಿ ಎಷ್ಟು ಕರಾರುವಾಕ್ಕು ಎಂದು ತಿಳಿಯುತ್ತದೆ. ಪಕ್ಕಕ್ಕೂ ಒದೆಯಬಲ್ಲದು. ಗಂಡನ್ನು, ಮರಿ ಹುಟ್ಟಿಸುವ ಶಕ್ತಿ ಇಲ್ಲದಿದ್ದರೂ, ಸಾಮಾನ್ಯವಾಗಿ ಬೀಜ ಒಡೆಸುತ್ತಾರೆ. ಸಂತಾನ ಇಲ್ಲದಿದ್ದರೇನು, ಹಾರ್ಮೋನಿನ ಹಾರಾಟಕ್ಕೆ ಕೊರತೆಯಿಲ್ಲ.

ಈ ನೆನಪಿನ ಶಕ್ತಿಗೆ ನಮ್ಮ ಸೈನ್ಯದಲ್ಲೇ ಒಂದು ಸಾಕ್ಷಿ ಇದೆ. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕ ಪೆಡೊಂಗಿ ಎಂಬ ಹೇಸರಗತ್ತೆ, ಗೊರಸಿನ ನಂಬರು 15328, ಕೆಲವು ದಿನಗಳ ಮೇಲೆ ತಾನಾಗಿಯೇ ಭಾರತದ ಠಾಣೆಗೆ ನಡೆದು ಬಂತು. ಬೆನ್ನ ಮೇಲೆ ಅವರದೇ ಮಷಿನ್ ಗನ್ನು, ಮದ್ದುಗುಂಡಿನ ಪೆಟ್ಟಿಗೆ. ಅದು ತೀರಿಕೊಂಡದ್ದು 1998ರಲ್ಲಿ. ಇದನ್ನು ದೇಶಭಕ್ತಿಯ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಕಾಣುವುದು ಗುಡ್ಡದ ದಾರಿಯನ್ನು ಗೊರಸಿನಲ್ಲಿ ಬರೆದಿಟ್ಟುಕೊಂಡ, ತನ್ನ ಮೇವಿನ ಗೋದಲಿ ಎಲ್ಲಿದೆಯೆಂದು ಬಲ್ಲ ಪ್ರಾಣಿ. ಇದು ಗೌರವದಲ್ಲಿ ಕಡಿಮೆಯೇನಲ್ಲ.

ದಾವಣಗೆರೆಯಲ್ಲಿ ಹೇಸರಗತ್ತೆ ನೋಡಿದವರನ್ನು ಹುಡುಕಿದರೆ ಸಿಗುವವರು ಹೆಚ್ಚಾಗಿ ಕೇದಾರಕ್ಕೆ ಹೋಗಿ ಬಂದವರು. ಅಲ್ಲಿನ ರಾವಲರು, ಅಂದರೆ ಮುಖ್ಯ ಅರ್ಚಕರು, ಕರ್ನಾಟಕ ಮೂಲದ ವೀರಶೈವ ಜಂಗಮರೇ ಆದ್ದರಿಂದ ನಮ್ಮ ಊರಿಗೆ ಆ ಯಾತ್ರೆಯೆಂದರೆ ತವರಿನ ನಂಟು. ನನ್ನ ಚಿಕ್ಕಪ್ಪನೂ ಹೋಗಿದ್ದರು. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್ ಏರು. ಚಿಕ್ಕಪ್ಪ ತೊಂಬತ್ತು ಕಿಲೋ. ಖಚ್ಚರ್ (ಹೇಸರಗತ್ತೆಗೆ ಅಲ್ಲಿನ ಹೆಸರು) ಹತ್ತಿದರು. ಅದು ಬಂಡೆಯ ಕಡೆ ಜಾಗ ಬಿಟ್ಟು ಕಂದಕದ ಅಂಚಿಗೇ ನಡೆಯುತ್ತಿತ್ತಂತೆ. ಬೇಕೆಂದೇ ಹೆದರಿಸುತ್ತಿದೆ ಎಂದು ಅವರ ದೂರು. ಹೇರು ಹೊತ್ತು ರೂಢಿಯಾದ ಪ್ರಾಣಿಗೆ ಒಳಬದಿಯಲ್ಲಿ ಮೂಟೆ ಬಂಡೆಗೆ ತಾಗಿದರೆ ಹೊರಕ್ಕೆ ತಳ್ಳಿದಂತಾಗುತ್ತದೆ, ಅದಕ್ಕೇ ಹೊರ ಅಂಚು ಹಿಡಿಯುತ್ತದೆ ಎಂದು ಹೇಳಿದರೆ ಒಪ್ಪಲಿಲ್ಲ.

ಭೀಮಬಲಿ ದಾಟಿದ ಮೇಲೆ ಅದು ನಿಂತುಬಿಟ್ಟಿತು. ಚಿಕ್ಕಪ್ಪ ಹಿಮ್ಮಡಿಯಲ್ಲಿ ತಿವಿದರು, ಹಿಂದಿನವರು ಕೂಗಾಡಿದರು, ಅದು ಕಿವಿ ಹಿಂದಕ್ಕೆ ಮಡಚಿ ನಿಂತಿತ್ತು. ನೋವನ್ನು ಮುಖದ ಮೇಲೆ ತೋರಿಸದಿರುವುದು ಕತ್ತೆಯಿಂದ ಬಂದ ಬಳುವಳಿ. ಒಂಟಿಯಾಗಿ ಬದುಕುವ ಪ್ರಾಣಿ ಕುಂಟುತ್ತಿದೆ ಎಂದು ತೋಳಕ್ಕೆ ಗೊತ್ತಾದರೆ ಮುಗಿಯಿತು. ಕುದುರೆ ಒದ್ದಾಡುವ ಹೊಟ್ಟೆನೋವಿನಲ್ಲೂ ಕತ್ತೆ ಬರೀ ಮಂಕಾಗಿ ನಿಲ್ಲುತ್ತದೆ. ಹೇಸರಗತ್ತೆಯೂ ಬಹುಮಟ್ಟಿಗೆ ಹಾಗೇ, ಕುಸಿಯುವವರೆಗೆ ಹೊರುತ್ತದೆ, ಇಲ್ಲವೇ ಹೀಗೆ ನಿಲ್ಲುತ್ತದೆ. ನಿಂತದ್ದೊಂದೇ ಅದು ಆಡುವ ಮಾತು. ನಡೆಸುವ ಹುಡುಗ ಓಡಿ ಬಂದು ಚಿಕ್ಕಪ್ಪನನ್ನು ಇಳಿಸಿ, ಹೊಟ್ಟೆಪಟ್ಟಿ ಬಿಚ್ಚಿ, ಜೀನಿನ ಕೆಳಗೆ ಕೈಹಾಕಿದ. ಒಳಗಿನ ಕಂಬಳಿ ಮಡಿಕೆಬಿದ್ದು ಗಂಟಾಗಿತ್ತು. ಅದರ ಕೆಳಗೆ ಅಂಗೈಯಗಲ ಕೂದಲು ಕಿತ್ತು ಚರ್ಮ ಕೆಂಪಗಾಗಿತ್ತು.

ಹುಡುಗ ಕಂಬಳಿ ಸರಿಮಾಡಿ, ಹತ್ತಿ ಎಂದು ಸನ್ನೆ ಮಾಡಿದ. ಚಿಕ್ಕಪ್ಪ ಹತ್ತಲಿಲ್ಲ. ಲಿಂಚೋಲಿಯವರೆಗೆ ಎರಡು ಕಡೆ ಕೂತು, ಮೂರು ಲೋಟ ಚಹಾ ಕುಡಿದು, ಕೋಲು ಊರಿಕೊಂಡು ನಡೆದರಂತೆ. ಖಾಲಿ ಜೀನಿನ ಖಚ್ಚರ್ ಹಗ್ಗವಿಲ್ಲದೆಯೇ ಹಿಂದೆ ಹಿಂದೆ ಬಂತು.