ಬಲ್ಬಿನೊಳಗಿನ ನಿರ್ವಾತ: ಸ್ತನ ತೆಗೆದ ಮೇಲೆ ಚರ್ಮ ಅಂಟಿಕೊಳ್ಳುವ ಬಗೆ

ಕ್ಯಾನ್ಸರ್‌ಗಾಗಿ ಸ್ತನವನ್ನು ತೆಗೆಸಿಕೊಂಡು, ಅಂದರೆ ಮ್ಯಾಸ್ಟೆಕ್ಟಮಿ ಮಾಡಿಸಿಕೊಂಡು ಮನೆಗೆ ಮರಳುವ ಹೆಚ್ಚಿನವರ ಪಕ್ಕೆಯಿಂದ ಒಂದೆರಡು ತೆಳುವಾದ ಕೊಳವೆಗಳು ಹೊರಬಂದಿರುತ್ತವೆ. ಅವುಗಳ ತುದಿಯಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದಾದ ಮೆತ್ತನೆಯ ಬಲ್ಬು ತೂಗುತ್ತಿರುತ್ತದೆ. ಆಸ್ಪತ್ರೆಯ ಭಾಷೆಯಲ್ಲಿ ಇದು ಡ್ರೈನ್. ಅದರಲ್ಲಿ ಕೆಂಪು ದ್ರವ ತುಂಬುವುದನ್ನು ಕಂಡ ಮನೆಯವರು ಇಷ್ಟೊಂದು ರಕ್ತ ಹೋಗುತ್ತಿದೆಯಲ್ಲ ಎಂದು ಗಾಬರಿಯಾಗುತ್ತಾರೆ, ಇಲ್ಲವೇ ಕೆಟ್ಟ ರಕ್ತ ಹೋದರೆ ಹೋಗಲಿ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಎರಡೂ ತಪ್ಪು. ಮೊದಲ ದಿನಗಳಲ್ಲಿ ಸ್ವಲ್ಪ ರಕ್ತ ಬೆರೆತಿರುವುದು ನಿಜ. ಆದರೆ ಬಲ್ಬಿನಲ್ಲಿ ಸೇರುವುದರ ಬಹುಪಾಲು ರಕ್ತವಲ್ಲ.

ನಮ್ಮ ದೇಹದ ಲೋಮನಾಳಗಳಿಂದ, ಅಂದರೆ ಅತಿ ಸೂಕ್ಷ್ಮ ರಕ್ತನಾಳಗಳಿಂದ, ನೀರಿನಂಥ ದ್ರವ ಸದಾ ಸೋರುತ್ತಲೇ ಇರುತ್ತದೆ. ಈ ಸೋರಿಕೆಯ ಹಿಂದಿನ ಒತ್ತಡಗಳ ಲೆಕ್ಕವನ್ನು ಬ್ರಿಟಿಷ್ ಶರೀರಕ್ರಿಯಾವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿಯೇ ವಿವರಿಸಿದ್ದ. ಸೋರಿದ್ದನ್ನು ಹೆಕ್ಕಿ ರಕ್ತಕ್ಕೆ ಮರಳಿಸುವ ಕೆಲಸ ದುಗ್ಧನಾಳಗಳದು (ಇವು ಹಾಲಿನ ನಾಳಗಳಲ್ಲ, ಲಿಂಫ್ ನಾಳಗಳು). ಸ್ತನವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುವಾಗ ಈ ನಾಳಗಳು ತುಂಡಾಗುತ್ತವೆ, ಜೊತೆಗೆ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಹಿಂದೆ ಇಲ್ಲದಿದ್ದ ಒಂದು ಟೊಳ್ಳು ಉಂಟಾಗುತ್ತದೆ. ದ್ರವ ಸಹಜವಾಗಿಯೇ ಅಲ್ಲಿ ಬಂದು ನಿಲ್ಲುತ್ತದೆ. ಹಾಗೆ ನಿಂತ ಮಡುವಿಗೆ ಸೆರೋಮಾ ಎಂದು ಹೆಸರು.

ಡ್ರೈನ್ ಈ ದ್ರವವನ್ನು ಹೊರಹಾಕುತ್ತದೆ ಎಂದರೆ ಅರ್ಧ ಹೇಳಿದಂತಾಯಿತು. ಅದರ ನಿಜವಾದ ಕೌಶಲ ಇರುವುದು ಚರ್ಮವನ್ನು ಸ್ನಾಯುವಿಗೆ ಒತ್ತಿ ಹಿಡಿಯುವುದರಲ್ಲಿ. ಬಲ್ಬನ್ನು ಹಿಂಡಿ ಗಾಳಿ ಹೊರಡಿಸಿ, ಹಿಂಡಿ ಹಿಡಿದಿರುವಾಗಲೇ ಬಿರಡೆ ಹಾಕಿದರೆ, ಅದು ಮತ್ತೆ ಉಬ್ಬಲು ಹವಣಿಸುತ್ತಾ ಟೊಳ್ಳಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ಆಗ ಹೊರಗಿನ ವಾತಾವರಣವೇ ಅಂಗೈಯಂತೆ ಚರ್ಮವನ್ನು ಎದೆಗೆ ಒತ್ತುತ್ತದೆ. ಪುಸ್ತಕಕ್ಕೆ ರಟ್ಟು ಅಂಟಿಸುವಾಗ ಕೆಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗ ಎಂದಿಗೂ ಅಂಟುವುದಿಲ್ಲ. ಇನ್ನೂ ಒಳ್ಳೆಯ ಹೋಲಿಕೆ ಕಸಿಯದು: ಎರಡು ಕೊಂಬೆಗಳ ಗಾಯಗಳನ್ನು ತಾಗಿಸಿ ಬಿಗಿಯಾಗಿ ಕಟ್ಟಿದರಷ್ಟೇ ಅವು ಬೆಸೆಯುತ್ತವೆ, ನಡುವೆ ನೀರು ನಿಂತರೆ ಕಸಿ ಹಿಡಿಯುವುದಿಲ್ಲ. ಬಲ್ಬು ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು ಎನ್ನುವುದು ಈ ಕಾರಣಕ್ಕೆ, ಏಕೆಂದರೆ ತುಂಬುತ್ತಾ ಹೋದಂತೆ ಅದರ ಸೆಳೆತ ಕುಗ್ಗುತ್ತದೆ. ಹಿಂಡದೆ ಬಿರಡೆ ಹಾಕಿದ ಬಲ್ಬು ಬರಿಯ ಚೀಲ.

ಪ್ರತಿ ಡ್ರೈನಿನ ಅಳತೆಯನ್ನೂ ದಿನವೂ ಅದೇ ಹೊತ್ತಿಗೆ ಬೇರೆಬೇರೆಯಾಗಿ ಬರೆದಿಡಬೇಕು. ಬಣ್ಣ ಕೆಂಪಿನಿಂದ ನಸುಗೆಂಪಿಗೆ, ಅಲ್ಲಿಂದ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸೇರುವ ದ್ರವ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ವೈದ್ಯರು ಸಾಮಾನ್ಯವಾಗಿ ಕೊಳವೆಯನ್ನು ತೆಗೆಯುತ್ತಾರೆ. ಬಲ್ಬು ಇದ್ದಕ್ಕಿದ್ದಂತೆ ಕಡುಗೆಂಪು ರಕ್ತದಿಂದ ತುಂಬತೊಡಗಿದರೆ, ಎದೆ ಬಿಗಿದು ಊದಿಕೊಂಡರೆ, ಜ್ವರವೋ ಕೀವೋ ಕಾಣಿಸಿಕೊಂಡರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ತಿಳಿಸಬೇಕು.

ಚರ್ಮ ಬೆಸೆಯುವುದು ಅಡಿಯಲ್ಲಿರುವ ಸ್ನಾಯುವಿಗೆ. ಅದೂ ಒಂದು ಕಾಲದಲ್ಲಿ ಉಳಿಯುತ್ತಿರಲಿಲ್ಲ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದೊಂದಿಗೆ ಎದೆಯ ಸ್ನಾಯುವನ್ನೂ ಕತ್ತರಿಸುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಒಳ್ಳೆಯದೆಂಬ ಆ ನಂಬಿಕೆ ವೈದ್ಯರದೇ ಮೂಢನಂಬಿಕೆ ಎಂದರೆ ಅತಿಯಾಗದು. ಅಮೆರಿಕದ ಇನ್ನೊಬ್ಬ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1971ರಲ್ಲಿ ಆರಂಭವಾಗಿ ಇಪ್ಪತ್ತೈದು ವರ್ಷಗಳ ಫಲಿತಾಂಶ ಕೊಟ್ಟ ಅಧ್ಯಯನವು, ಅಷ್ಟೆಲ್ಲ ಕತ್ತರಿಸಿದ್ದರಿಂದ ಯಾರೂ ಹೆಚ್ಚು ಕಾಲ ಬದುಕಲಿಲ್ಲವೆಂದು ತೋರಿಸಿತು. ಇತ್ತ ‘ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತಿಗೆ ಹೆದರಿ ತಿಂಗಳುಗಟ್ಟಲೆ ತಡಮಾಡುವವರು ಇಂದಿಗೂ ಇದ್ದಾರೆ. ಹಾಗೆ ಕಳೆದ ತಿಂಗಳುಗಳಲ್ಲಿ ಹರಡಿದ ರೋಗದ ಅಪವಾದವೂ ಕೊನೆಗೆ ಕತ್ತಿಯ ಮೇಲೆಯೇ ಬರುತ್ತದೆ.

ಬೆಸೆಯುವ ಈ ಕ್ರಿಯೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶಸ್ತ್ರಚಿಕಿತ್ಸೆಗೆ ಮುಂಚಿನ ಕಟ್ಟುನಿಟ್ಟುಗಳಿಗೂ ಅರ್ಥ ಬರುತ್ತದೆ. ಬುಡದಿಂದ ಬಿಡಿಸಿದ ಚರ್ಮಕ್ಕೆ ಉಳಿಯುವ ಆಧಾರ ತನ್ನೊಳಗಿನ ಸಣ್ಣ ರಕ್ತನಾಳಗಳಷ್ಟೇ, ನಿಕೋಟಿನ್ ಅವನ್ನೇ ಹಿಸುಕುತ್ತದೆ. ಆದ್ದರಿಂದ ತಂಬಾಕನ್ನು ವಾರಗಳ ಮೊದಲೇ ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಗಿಡಮೂಲಿಕೆಯ ಔಷಧಗಳನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು, ಯಾಕೆಂದರೆ ಚರ್ಮದಡಿ ರಕ್ತ ಕಟ್ಟಿದರೆ ಬೆಸುಗೆ ಬಿಡುತ್ತದೆ. ಮುಂದೆ ಗುಂಡಿಯಿರುವ ಸಡಿಲ ಅಂಗಿ, ಬಲ್ಬನ್ನು ಇಡಲು ಅದರ ಒಳಗೊಂದು ಜೇಬು, ತೋಳಿನಡಿಗೆ ಸಣ್ಣ ದಿಂಬು ಇಷ್ಟನ್ನು ಮುಂಚೆಯೇ ಹೊಂದಿಸಿಟ್ಟು, ದಿನಬಳಕೆಯ ವಸ್ತುಗಳನ್ನು ಸೊಂಟದಿಂದ ಭುಜದವರೆಗಿನ ಎತ್ತರಕ್ಕೆ ತಂದಿಡುವುದು ಒಳ್ಳೆಯದು.

ತೋಳನ್ನು ಅಲ್ಲಾಡಿಸಲೇಬಾರದು ಎನ್ನುವವರ ಮಾತು ಕೇಳಿದರೆ ಭುಜ ಮರಗಟ್ಟುತ್ತದೆ. ಮುಷ್ಟಿ ಬಿಗಿದು ಸಡಿಲಿಸುವುದು, ಮೊಣಕೈ ಮಡಚುವುದು ಮೊದಲ ದಿನದಿಂದಲೇ ನಡೆಯಬಹುದು. ಭುಜಕ್ಕಿಂತ ಮೇಲೆ ತೋಳೆತ್ತುವುದನ್ನು ಮಾತ್ರ ಸಾಮಾನ್ಯವಾಗಿ ಡ್ರೈನ್ ತೆಗೆಯುವವರೆಗೆ ತಡೆಹಿಡಿಯುತ್ತಾರೆ, ಎಳೆಯ ಬೆಸುಗೆ ಜಗ್ಗಿ ಬಿಡದಿರಲೆಂದು.

ಡ್ರೈನ್ ತೆಗೆದ ಮೇಲೂ ಕೆಲವರಿಗೆ ಚರ್ಮದಡಿ ನೀರು ತುಳುಕಿದಂತಾಗುತ್ತದೆ. ಸೆರೋಮಾ ಚಿಕ್ಕದಾಗಿದ್ದರೆ ದೇಹವೇ ಹೀರಿಕೊಳ್ಳುತ್ತದೆ, ದೊಡ್ಡದಾದರೆ ವೈದ್ಯರು ಸೂಜಿಯಿಂದ ಎಳೆಯುತ್ತಾರೆ. ನರಗಳು ತುಂಡಾಗಿ ಆ ಭಾಗ ಜೋಮುಗಟ್ಟಿರುವುದರಿಂದ ಸೂಜಿ ಚುಚ್ಚಿದ್ದು ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಸುಟ್ಟರೂ ಗೊತ್ತಾಗದು, ಆದ್ದರಿಂದ ನೋವಿಗೆಂದು ಬಿಸಿನೀರಿನ ಚೀಲವನ್ನು ಅಲ್ಲಿಗೆ ಒಡ್ಡಬಾರದು.