ಟಿಡಿಆರ್: ಕೇಬಲ್‌ನ ಮಾರ್ದನಿಯನ್ನು ಸ್ವಿಚ್ ಅಳೆಯುವ ಬಗೆ

ನೆಟ್‌ವರ್ಕ್ ಸ್ವಿಚ್‌ಗಳ (ಕಂಪ್ಯೂಟರ್‌ಗಳನ್ನು ಕೇಬಲ್ ಮೂಲಕ ಒಂದೇ ಜಾಲಕ್ಕೆ ಜೋಡಿಸುವ ಸಾಧನಗಳ) ಕೈಪಿಡಿಯಲ್ಲಿ ಕೇಬಲ್ ಪರೀಕ್ಷೆಯ ಪ್ರಸ್ತಾಪ ಬಂದಲ್ಲೆಲ್ಲ ‘ಟಿಡಿಆರ್’ ಎಂಬ ಪದ ಎದುರಾಗುತ್ತದೆ. ‘ಟೈಮ್ ಡೊಮೈನ್ ರಿಫ್ಲೆಕ್ಟೊಮೆಟ್ರಿ’ ಎಂಬುದು ಅದರ ಪೂರ್ಣರೂಪ. ಕನ್ನಡದಲ್ಲಿ ‘ಕಾಲಾಧಾರಿತ ಪ್ರತಿಫಲನ ಮಾಪನ’ ಎನ್ನಬಹುದು. ಈ ಹೆಸರಿನಲ್ಲಿ ಗಮನಿಸಬೇಕಾದ ಪದ ‘ಕಾಲ’. ಸ್ವಿಚ್ ನಿಜವಾಗಿ ಅಳೆಯುವುದು ಸಮಯವನ್ನು. ಪರದೆಯ ಮೇಲೆ ಕಾಣುವ ಮೀಟರ್‌ಗಳ ಸಂಖ್ಯೆ ಆ ಸಮಯದಿಂದ ಲೆಕ್ಕ ಹಾಕಿ ಪಡೆದದ್ದು.

ಬೆಟ್ಟದ ಎದುರು ನಿಂತು ಕೂಗಿದಾಗ ಮಾರ್ದನಿ ಎಷ್ಟು ತಡವಾಗಿ ಕೇಳಿಸಿತು ಎಂಬುದರಿಂದ ಬೆಟ್ಟದ ದೂರವನ್ನು ಅಂದಾಜಿಸಬಹುದಲ್ಲವೇ, ಇಲ್ಲಿರುವುದೂ ಅದೇ ತತ್ವ. ಕೇಬಲ್ ಸಿಕ್ಕಿಸುವ ಪೋರ್ಟ್‌ನ ಹಿಂದಿರುವ ಚಿಪ್ ತಾಮ್ರದ ಜೋಡಿ ತಂತಿಗೆ ಒಂದು ಸಣ್ಣ ವಿದ್ಯುತ್ ಸ್ಪಂದವನ್ನು ಬಿಡುತ್ತದೆ. ಈಥರ್ನೆಟ್ ಕೇಬಲ್‌ನ ಪ್ರತಿ ಜೋಡಿಯ ಇಂಪೀಡೆನ್ಸ್, ಅಂದರೆ ಸಂಕೇತಕ್ಕೆ ಅದು ಒಡ್ಡುವ ವಿದ್ಯುತ್ ತಡೆ, 100 ಓಮ್ ಇರಬೇಕು. ಅದು ಉದ್ದಕ್ಕೂ ಒಂದೇ ಸಮನಾಗಿದ್ದು, ಆಚೆ ತುದಿಯ ಸಾಧನವೂ ಅದಕ್ಕೆ ಹೊಂದಿಕೊಂಡಿದ್ದರೆ ಸ್ಪಂದವು ಅಲ್ಲಿಯೇ ಹೀರಲ್ಪಡುತ್ತದೆ. ತಂತಿ ತುಂಡಾಗಿದ್ದರೆ ಸ್ಪಂದವು ಹೋದ ರೂಪದಲ್ಲಿಯೇ ಮರಳುತ್ತದೆ, ಎರಡು ತಂತಿಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ತಲೆಕೆಳಗಾಗಿ ಮರಳುತ್ತದೆ. ಮೊದಲನೆಯದನ್ನು ಸ್ವಿಚ್ ‘ಓಪನ್’ ಎಂದೂ ಎರಡನೆಯದನ್ನು ‘ಶಾರ್ಟ್’ ಎಂದೂ ತೋರಿಸುತ್ತದೆ. ತಾಮ್ರದಲ್ಲಿ ಸಂಕೇತವು ಬೆಳಕಿನ ವೇಗದ ಸುಮಾರು ಮೂರನೇ ಎರಡು ಭಾಗದಷ್ಟು ವೇಗದಲ್ಲಿ, ಅಂದರೆ ಒಂದು ನ್ಯಾನೊಸೆಕೆಂಡ್‌ಗೆ ಸುಮಾರು 20 ಸೆಂಟಿಮೀಟರ್‌ನಷ್ಟು ಸಾಗುತ್ತದೆ. ಆದ್ದರಿಂದ ಮಾರ್ದನಿ 470 ನ್ಯಾನೊಸೆಕೆಂಡ್ ತಡವಾಗಿ ಬಂದರೆ, ಹೋಗಿಬರುವ ದಾರಿಯನ್ನು ಅರ್ಧ ಮಾಡಿದಾಗ ದೋಷ 47 ಮೀಟರ್ ಆಚೆ ಇದೆ ಎಂದಾಗುತ್ತದೆ.

ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ‘ಟೆಸ್ಟ್ ಕೇಬಲ್-ಡಯಾಗ್ನಾಸ್ಟಿಕ್ಸ್ ಟಿಡಿಆರ್’ ಎಂಬ ಆದೇಶದಿಂದ ಪರೀಕ್ಷೆ ಆರಂಭಿಸಿ, ಕೆಲವು ಕ್ಷಣ ಬಿಟ್ಟು ‘ಶೋ’ ಆದೇಶದಿಂದ ಫಲಿತಾಂಶ ನೋಡುತ್ತಾರೆ; ಲಿನಕ್ಸ್‌ನಲ್ಲಿಯೂ 2020ರ 5.8ನೇ ಕರ್ನಲ್‌ನಿಂದ, ಚಿಪ್ ಬೆಂಬಲಿಸಿದರೆ, ಈಥ್‌ಟೂಲ್ ಎಂಬ ಆದೇಶದ ಮೂಲಕ ಇದು ಸಾಧ್ಯ. ಫಲಿತಾಂಶದಲ್ಲಿ ಕೇಬಲ್‌ನ ನಾಲ್ಕು ಜೋಡಿಗಳ ಸ್ಥಿತಿ ಬೇರೆ ಬೇರೆಯಾಗಿ ಬರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ. ನಾಲ್ಕೂ ಜೋಡಿಗಳು ಒಂದೇ ದೂರದಲ್ಲಿ ‘ಓಪನ್’ ಎಂದರೆ ಕೇಬಲ್ ಪೂರ್ತಿ ಕತ್ತರಿಸಿರಬಹುದು, ಅಥವಾ ಆ ತುದಿಯಲ್ಲಿ ಏನನ್ನೂ ಸಿಕ್ಕಿಸದೇ ಇರಬಹುದು. ಒಂದೇ ಜೋಡಿ ಓಪನ್ ಆಗಿದ್ದು, ದೂರವೂ ಕೇಬಲ್‌ನ ಕೊನೆಗೆ ಹತ್ತಿರವಿದ್ದರೆ, ಸಂಶಯ ಹೋಗಬೇಕಾದದ್ದು ಗೋಡೆಯ ಐಒ ಪೆಟ್ಟಿಗೆಯಲ್ಲಿ (ಕೇಬಲ್ ಕೊನೆಗೊಳ್ಳುವ ಸಾಕೆಟ್‌ನಲ್ಲಿ) ಸರಿಯಾಗಿ ಪಂಚ್ ಆಗದ, ಅಂದರೆ ಒತ್ತಿ ಕೂರಿಸದ, ತಂತಿಯ ಕಡೆಗೆ.

ಒಂದು ಜೋಡಿ ಕೆಟ್ಟರೂ ಸಂಪರ್ಕ ಉಳಿಯಬಹುದು ಎಂಬುದು ಅನೇಕರನ್ನು ದಾರಿ ತಪ್ಪಿಸುತ್ತದೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿಗಳು ಬೇಕು; 100 ಮೆಗಾಬಿಟ್‌ಗೆ 1, 2, 3 ಮತ್ತು 6ನೇ ಪಿನ್‌ಗಳ ಎರಡು ಜೋಡಿಗಳು ಸಾಕು. ಹಾಗಾಗಿ 4 ಮತ್ತು 5ನೇ ಪಿನ್‌ಗಳ ಜೋಡಿ ತುಂಡಾದಾಗ ಅನೇಕ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಬಳಕೆದಾರರು ‘ನೆಟ್ ನಿಧಾನ’ ಎಂದು ದೂರುತ್ತಾರೆ, ಪೋರ್ಟ್‌ನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಇಂಥ ದೂರಿಗೆ ಕುಳಿತಲ್ಲಿಂದಲೇ ಉತ್ತರ ಕಂಡುಕೊಳ್ಳಲು ಟಿಡಿಆರ್‌ನಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ.

ಪರೀಕ್ಷೆ ನಡೆಯುವಾಗ ಆ ಪೋರ್ಟ್‌ನ ಸಂಪರ್ಕ ಕೆಲವು ಕ್ಷಣ ಕಡಿದುಹೋಗಬಹುದು. ದೂರದ ಊರಿನ ಸ್ವಿಚ್‌ಗೆ ನೀವು ಯಾವ ಅಪ್‌ಲಿಂಕ್ (ಆ ಸ್ವಿಚ್ಚನ್ನು ಉಳಿದ ಜಾಲಕ್ಕೆ ಜೋಡಿಸುವ ಸಂಪರ್ಕ) ಮೂಲಕ ಲಾಗಿನ್ ಆಗಿದ್ದೀರೋ ಅದರ ಮೇಲೆಯೇ ಪರೀಕ್ಷೆ ನಡೆಸಬಾರದು. ಅಳತೆಯೂ ಸ್ಥೂಲವಾದದ್ದು, ಕೆಲವು ಮಾದರಿಗಳು ಸಂಖ್ಯೆಯ ಪಕ್ಕದಲ್ಲಿಯೇ 10 ಮೀಟರ್ ಆಚೀಚೆ ಎಂದು ತೋರಿಸುತ್ತವೆ, ತೀರಾ ಗಿಡ್ಡ ಕೇಬಲ್‌ಗಳಲ್ಲಿ ಫಲಿತಾಂಶವನ್ನು ನಂಬುವುದು ಕಷ್ಟ. ಕೇಬಲ್ ಹಾಕಿದವರಿಂದ ಪಡೆಯುವ ಪ್ರಮಾಣೀಕರಣ ಪರೀಕ್ಷೆಗೆ ಇದು ಬದಲಿಯಲ್ಲ, ಆಪ್ಟಿಕಲ್ ಫೈಬರ್‌ಗೆ ಅನ್ವಯಿಸುವುದೂ ಇಲ್ಲ. ಫೈಬರ್‌ಗೆ ಬೆಳಕಿನ ಸ್ಪಂದ ಬಳಸುವ ಒಟಿಡಿಆರ್ ಎಂಬ ಬೇರೆ ಉಪಕರಣವೇ ಇದೆ.

ದೂರವನ್ನು ಸ್ವಿಚ್ ಪೋರ್ಟ್‌ನಿಂದ ಎಣಿಸುವುದರಿಂದ, ಸ್ವಿಚ್‌ಗಳನ್ನು ಜೋಡಿಸಿಟ್ಟ ರ‍್ಯಾಕ್‌ನೊಳಗಿನ ಪ್ಯಾಚ್ ಕಾರ್ಡ್‌ನ (ಸ್ವಿಚ್‌ಗೆ ಸಿಕ್ಕಿಸುವ ಗಿಡ್ಡ ಕೇಬಲ್‌ನ) ಉದ್ದವೂ ಅದರಲ್ಲಿ ಸೇರಿರುತ್ತದೆ. ಎಲ್ಲವೂ ಸರಿಯಿರುವ ದಿನವೇ ಪ್ರತಿ ಕೇಬಲ್‌ನ ಒಟ್ಟು ಉದ್ದವನ್ನು ಪೋರ್ಟ್‌ವಾರು ಬರೆದಿಟ್ಟುಕೊಂಡಿದ್ದರೆ, ಮುಂದೊಂದು ದಿನ ‘31 ಮೀಟರ್, ಓಪನ್’ ಎಂದು ಬಂದಾಗ ಏಣಿಯನ್ನು ರ‍್ಯಾಕ್‌ನ ಬಳಿ ಇಡಬೇಕೋ, ನಡುವಿನ ಫಾಲ್ಸ್ ಸೀಲಿಂಗ್‌ನ ಕೆಳಗೋ ಅಥವಾ ಮೇಜಿನ ಪಕ್ಕದ ಐಒ ಪೆಟ್ಟಿಗೆಯನ್ನು ಬಿಚ್ಚಬೇಕೋ ಎಂಬುದು ಹೊರಡುವ ಮುನ್ನವೇ ತಿಳಿಯುತ್ತದೆ.