ಮಗುವಿನ ಮಧ್ಯಾಹ್ನದ ನಿದ್ದೆ ಮತ್ತು ಅಂಡಮಾನಿನ ಸೂರ್ಯ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನಮ್ಮ ಪ್ರವಾಸ ಕಚೇರಿಗೆ ಅಂಡಮಾನ್ ವಿಚಾರಿಸಲು ಬರುವ ಕುಟುಂಬಗಳ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಸೆಲ್ಯುಲರ್ ಜೈಲು, ರಾಸ್ ದ್ವೀಪ, ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆ, ಹ್ಯಾವ್‌ಲಾಕ್, ನೀಲ್ ದ್ವೀಪಗಳು ಎಲ್ಲವೂ ಐದು ರಾತ್ರಿಗಳಲ್ಲಿ ಮುಗಿಯಬೇಕು. ಒಂದೇ ಗಾಡಿಯಲ್ಲಿ ಗಾಣಗಾಪುರ, ಅಕ್ಕಲಕೋಟ, ತುಳಜಾಪುರ, ಪಂಢರಪುರಗಳನ್ನು ಎರಡು ದಿನಗಳಲ್ಲಿ ಮುಗಿಸಿ ಬರುವ ನಮ್ಮ ಭಾಗದ ರೂಢಿಯೇ ಇದರ ಹಿಂದಿದೆ. ದರ್ಶನವಾದರೆ ಕ್ಷೇತ್ರದ ಕೆಲಸ ಮುಗಿಯಿತು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೂರು ವರ್ಷದ ಮಗುವಿಗೆ ಸಮುದ್ರ ಕಂಡಾಗ ಇನ್ನೂ ಏನೂ ಆಗಿರುವುದಿಲ್ಲ. ಹಸಿ ಮರಳಿನಲ್ಲಿ ಗುಂಡಿ ತೋಡಿ, ಅದರಲ್ಲಿ ನೀರು ತುಂಬಿದ ಮೇಲೆಯೇ ಅದಕ್ಕೆ ಪ್ರವಾಸ ಶುರು.

ಈ ಮಾತನ್ನು ನಾನು ತಪ್ಪು ಮಾಡಿಯೇ ಕಲಿತೆ. ಕೆಲವು ವರ್ಷಗಳ ಹಿಂದೆ ಎರಡು ಪುಟ್ಟ ಮಕ್ಕಳಿದ್ದ ಕುಟುಂಬವೊಂದಕ್ಕೆ ದಿನಕ್ಕೊಂದು ಊರಿನಂತೆ ಕಾರ್ಯಕ್ರಮ ಹಾಕಿಕೊಟ್ಟಿದ್ದೆ. ಹ್ಯಾವ್‌ಲಾಕಿನ ರಾಧಾನಗರ ತೀರಕ್ಕೆ ಸಂಜೆ ಆರಕ್ಕೆ ಎಂದು ಬರೆದಿದ್ದೆ. ಅವರು ಅಲ್ಲಿ ಇಳಿಯುವಷ್ಟರಲ್ಲಿ ಕತ್ತಲಾಗಿತ್ತು, ಮಕ್ಕಳಿಬ್ಬರೂ ಹೆಗಲ ಮೇಲೆ ನಿದ್ದೆ ಹೋಗಿದ್ದರು.

ಕಾರಣ ಸರಳ, ಆದರೆ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಕಲಬುರಗಿ ಇರುವುದು ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ ಸುಮಾರು 93ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿಯ ಸೂರ್ಯ ನಮ್ಮವನಿಗಿಂತ ಒಂದು ಗಂಟೆಗೂ ತುಸು ಹೆಚ್ಚು ಮುಂದಿದ್ದಾನೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಫೆಬ್ರುವರಿಯಲ್ಲಿ ಅಲ್ಲಿ ಬೆಳಗಿನ ಹನ್ನೊಂದೂವರೆಗೆಲ್ಲ ಬಿಸಿಲು ನೆತ್ತಿಗೇರುತ್ತದೆ, ಸಂಜೆ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಈಗ ನಾನು ಹಾಕಿಕೊಡುವ ದಿನಚರಿಯಲ್ಲಿ ಮಕ್ಕಳು ಬೆಳಗಿನ ಆರರಿಂದ ಒಂಬತ್ತರವರೆಗೆ ನೀರಿನ ಬಳಿ ಇರುತ್ತಾರೆ, ಹನ್ನೊಂದಕ್ಕೆ ಊಟ ಮಾಡಿ ಎರಡರವರೆಗೆ ಮಲಗುತ್ತಾರೆ, ಮೂರಕ್ಕೆ ಮತ್ತೆ ಮರಳಿಗೆ ಇಳಿಯುತ್ತಾರೆ. ಬೆಳಗಿನ ಐದಕ್ಕೇ ಎದ್ದು ಮನೆಯವರನ್ನು ಕಾಡುವ ಮಗು ಅಂಡಮಾನಿನಲ್ಲಿ ಸರಿಯಾದ ಹೊತ್ತಿಗೇ ಎದ್ದಿರುತ್ತದೆ.

'ಬಿಸಿಲು ನಮಗೇನು ಹೊಸದೇನ್ರಿ' ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಮ್ಮ 42 ಡಿಗ್ರಿ ಒಣ ಬಿಸಿಲಿನಲ್ಲಿ ಬೆವರು ಬಂದ ಕೂಡಲೇ ಆರಿ ಮೈಯನ್ನು ತಂಪು ಮಾಡುತ್ತದೆ. ದ್ವೀಪದ 30 ಡಿಗ್ರಿಯಲ್ಲಿ ಗಾಳಿಯ ತೇವದಿಂದಾಗಿ ಬೆವರು ಆರುವುದೇ ಇಲ್ಲ, ಮೇಲಾಗಿ ಬಿಳಿ ಮರಳು ಮತ್ತು ನೀರು ಬೆಳಕನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತವೆ. ನಮ್ಮೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಮಗುವನ್ನು ಅಂಗಳಕ್ಕೂ ಬಿಡದ ತಾಯಂದಿರು ಅಲ್ಲಿ ಕಡಲ ಗಾಳಿಗೆ ಮರುಳಾಗಿ ಹನ್ನೆರಡಕ್ಕೆ ನೀರಿಗೆ ಬಿಡುತ್ತಾರೆ. ಉದ್ದ ತೋಳಿನ ಹತ್ತಿಯ ಅಂಗಿ, ಅಂಚು ಅಗಲವಾದ ಟೋಪಿ, ಓಆರ್‌ಎಸ್ ಪೊಟ್ಟಣಗಳು ಕಡ್ಡಾಯ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್‌ಗಿಂತ ನೆರಳೇ ರಕ್ಷೆ.

ಜಾಗದ ಆಯ್ಕೆಯಲ್ಲಿ ನನ್ನ ಹಟ ಇಷ್ಟೇ: ಹ್ಯಾವ್‌ಲಾಕ್ ಅಥವಾ ನೀಲ್, ಎರಡರಲ್ಲಿ ಒಂದೇ, ಅಲ್ಲಿ ಕನಿಷ್ಠ ಮೂರು ರಾತ್ರಿ ಒಂದೇ ಕೋಣೆ. 'ಇಷ್ಟು ರೊಕ್ಕಾ ಹಾಕಿ ಹೋಗಿ ಒಂದೇ ಜಾಗಾದಾಗ ಕೂಡಬೇಕೇನ್ರಿ?' ಎಂದು ಅಜ್ಜಂದಿರು ಕೇಳುತ್ತಾರೆ. ಬಾರಾಟಾಂಗಿಗೆ ಹೋಗಲು ನಸುಕಿನ ಮೂರರ ಸುಮಾರಿಗೆ ಎದ್ದು, ಜಿರ್ಕಾಟಾಂಗಿನ ತಪಾಸಣಾ ಠಾಣೆಯಲ್ಲಿ ವಾಹನಗಳ ಸಾಲು ಹೊರಡುವವರೆಗೆ ಕಾಯ್ದು, ಜಾರವಾ ಆದಿವಾಸಿ ಜನರ ಮೀಸಲು ಅರಣ್ಯವನ್ನು ಎಲ್ಲಿಯೂ ನಿಲ್ಲದೆ ದಾಟಬೇಕಾಗುತ್ತದೆ ಎಂದು ವಿವರಿಸಿದಾಗ ಅವರೇ ಮೊದಲು ಒಪ್ಪುತ್ತಾರೆ. ಹ್ಯಾವ್‌ಲಾಕಿನಲ್ಲಿ ಪುಟ್ಟ ಮಕ್ಕಳಿಗೆ ಅಲೆಗಳಿರುವ ರಾಧಾನಗರಕ್ಕಿಂತ ಪೂರ್ವ ದಂಡೆಯ ವಿಜಯನಗರ ತೀರ ಹೆಚ್ಚು ಹೊಂದುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ನೀರು ಬಹುದೂರದವರೆಗೆ ಮೊಣಕಾಲಿನಷ್ಟೇ ಇರುತ್ತದೆ. ಭರತ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆ ಆಡಿದ ಹೊತ್ತಿಗೇ ಇವತ್ತೂ ನೀರು ಅಷ್ಟೇ ಇರುತ್ತದೆ ಎಂದುಕೊಳ್ಳದೆ ಹೋಟೆಲಿನವರನ್ನು ದಿನವೂ ಕೇಳಬೇಕು. ಹವಳದ ಕಲ್ಲು ಕಾಲು ಕೊಯ್ಯುತ್ತದೆ, ರಬ್ಬರಿನ ಚಪ್ಪಲಿ ಇರಲಿ. ಮ್ಯಾಂಗ್ರೋವ್ ಇರುವ ಹಿನ್ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕ ಕಂಡಲ್ಲಿ ವಾದ ಬೇಡ.

ಕಾಲದ ವಿಷಯದಲ್ಲಿ ನಮ್ಮ ಶಾಲಾ ರಜೆಗೂ ಆ ಕಡಲಿಗೂ ಅಷ್ಟಾಗಿ ಹೊಂದಾಣಿಕೆಯಿಲ್ಲ. ಮುಂಗಾರು ಕೇರಳಕ್ಕಿಂತ ಮೊದಲು, ಸಾಮಾನ್ಯವಾಗಿ ಮೇ ಮೂರನೇ ವಾರದಲ್ಲೇ ಅಂಡಮಾನ್ ತಲುಪುತ್ತದೆ. ದಸರಾ ರಜೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲಕ್ಕೆ ಬೀಳುತ್ತದೆ. ಇನ್ನೂ ಒಂದನೇ ತರಗತಿ ಸೇರದ ಮಕ್ಕಳಿದ್ದರೆ ಫೆಬ್ರುವರಿ, ಮಾರ್ಚ್ ಉತ್ತಮ. ಶಾಲೆಯ ಮಕ್ಕಳಿದ್ದರೆ ರಜೆ ಬಿದ್ದ ಕೂಡಲೇ, ಏಪ್ರಿಲ್ ಮಧ್ಯದಲ್ಲೇ ಹೊರಡಬೇಕು.

ದಾರಿಯನ್ನೂ ಮುರಿದುಕೊಳ್ಳುವುದು ಲೇಸು. ಹೈದರಾಬಾದಿಗೆ ಹಿಂದಿನ ದಿನವೇ ಹೋಗಿ ಮಲಗಿದರೆ ಮರುದಿನದ ಸುಮಾರು ಎರಡೂವರೆ ಗಂಟೆಗಳ ವಿಮಾನ ಪ್ರಯಾಣ ಮಕ್ಕಳಿಗೆ ಭಾರವಾಗುವುದಿಲ್ಲ. ಎರಡು ವರ್ಷದೊಳಗಿನ ಕೂಸು ಮಡಿಲಲ್ಲಿ ಕೂಡುತ್ತದೆ, ಆದರೆ ಜನನ ಪ್ರಮಾಣಪತ್ರ ತೋರಿಸಬೇಕು. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ಮತ್ತು ನೀಲ್ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ. ಹ್ಯಾವ್‌ಲಾಕಿಗೆ ಹೋಗುವ ಹಡಗು ಒಂದೂವರೆಯಿಂದ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಎರಡು ವರ್ಷದೊಳಗಿನವರಿಗೆ ತೂಗಾಟದ ವಾಂತಿ ಅಪರೂಪ, ನಾಲ್ಕೈದು ವರ್ಷದವರಿಗೆ ಸಾಮಾನ್ಯ. ಹಡಗಿನ ನಡುಭಾಗದ ಆಸನ ಕೇಳಿ ಪಡೆಯಿರಿ, ಹೊಟ್ಟೆ ತುಂಬ ತಿನ್ನಿಸಬೇಡಿ, ಔಷಧಿಯ ಪ್ರಮಾಣವನ್ನು ನಿಮ್ಮ ಮಕ್ಕಳ ವೈದ್ಯರೇ ತೂಕ ನೋಡಿ ಹೇಳಲಿ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ. ಆದ್ದರಿಂದ ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು ಎಂಬ ನಿಯಮವನ್ನು ನಾನು ಯಾರಿಗೂ ಸಡಿಲಿಸುವುದಿಲ್ಲ.

ಊಟದ ಚಿಂತೆ ಬೇಡ, ಅನ್ನ ಮತ್ತು ದಾಲ್ ಎಲ್ಲೆಡೆ ಸಿಗುತ್ತದೆ. ಆದರೂ ಖಡಕ್ ರೊಟ್ಟಿಯ ಒಂದು ಡಬ್ಬಿ, ಶೇಂಗಾ ಹಿಂಡಿಯ ಒಂದು ಪೊಟ್ಟಣ ಚೀಲದಲ್ಲಿರಲಿ. ಹಡಗು ತಡವಾದ ದಿನ ಅದರ ಬೆಲೆ ತಿಳಿಯುತ್ತದೆ.

ಇನ್ನೊಂದು ಕೆಲಸ ದ್ವೀಪ ಬಿಡುವ ಹಿಂದಿನ ಸಂಜೆಯದು. ಮಕ್ಕಳ ಜೇಬು ಮತ್ತು ಆಟದ ಬಕೆಟ್ಟುಗಳನ್ನು ತಡವಿ ನೋಡಿ. ಸತ್ತ ಹವಳದ ಚೂರು ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆಯಾಗುತ್ತದೆ. ಅಲ್ಲಿ ಅಧಿಕಾರಿ ಕಿತ್ತುಕೊಂಡು ಮಗು ಅಳುವುದಕ್ಕಿಂತ, ಕತ್ತಲಾಗುವ ಮೊದಲೇ ತೀರಕ್ಕೆ ಕರೆದೊಯ್ದು ಒಂದೊಂದಾಗಿ ಅದರ ಕೈಯಿಂದಲೇ ನೀರಿಗೆ ಹಾಕಿಸಿ.